ಮದುವೆ ಛತ್ರದಲ್ಲಿ 180 ಜನರ ಆರೋಗ್ಯ ಸಮ್ಮೇಳನ: ನಾವು ಮಾಡಿದ ರೀತಿ

ಛತ್ರ ಕಟ್ಟಿರುವುದು ಮದುವೆಗೆ. ವೇದಿಕೆ ಮೇಲೆ ಕಣ್ಣು ಕುಕ್ಕುವ ಬೆಳಕು, ಬೀದಿಗೂ ಕೇಳುವ ವಾಲಗ, ಮಧ್ಯಾಹ್ನವಿಡೀ ಪಂಕ್ತಿ ಮೇಲೆ ಪಂಕ್ತಿ. ಸಮ್ಮೇಳನಕ್ಕೆ ಬೇಕಾದದ್ದು ಇದರ ತದ್ವಿರುದ್ಧ. ಆರ್‌ಬಿಎಸ್‌ಕೆ (ಶಾಲೆ, ಅಂಗನವಾಡಿ ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಯೋಜನೆ) ತಂಡಗಳ ವೈದ್ಯರು, ನರ್ಸ್‌ಗಳು, ಫಾರ್ಮಸಿಸ್ಟರು, ಹದಿಹರೆಯದವರಿಗಾಗಿ ಇರುವ ಸ್ನೇಹ ಕ್ಲಿನಿಕ್ ಆಪ್ತಸಮಾಲೋಚಕರು ಸೇರಿ 180 ಜನರ ಒಂದು ದಿನದ ಕಾರ್ಯಕ್ರಮಕ್ಕೆ ನಮ್ಮ ತಯಾರಿಯ ಮುಕ್ಕಾಲು ಪಾಲು ಹೋದದ್ದು ಈ ವ್ಯತ್ಯಾಸ ಸರಿಪಡಿಸುವುದಕ್ಕೇ.

ದಿನಾಂಕ ಆಷಾಢದಲ್ಲಿ ಇಟ್ಟೆವು. ಮದುವೆಗಳಿಲ್ಲ, ಛತ್ರ ಖಾಲಿ, ಬಾಡಿಗೆಯಲ್ಲಿ ಚೌಕಾಸಿಗೂ ಜಾಗವಿರುತ್ತದೆ. ಫೆಬ್ರವರಿ 10 ಮತ್ತು ಆಗಸ್ಟ್ 10ರ ಆಸುಪಾಸು ಮಾತ್ರ ಬೇಡ. ಜಂತುಹುಳು ನಿವಾರಣಾ ದಿನಕ್ಕೆ ಎಲ್ಲರೂ ಶಾಲೆ ಅಂಗನವಾಡಿಗಳಲ್ಲಿ ಮಾತ್ರೆ ತಿನ್ನಿಸುತ್ತಿರುತ್ತಾರೆ. ತಿಂಗಳ ಕೊನೆಯ ವಾರವೂ ವರದಿಗೆ ಮೀಸಲು. ಆರ್‌ಬಿಎಸ್‌ಕೆ ತಂಡಗಳ ಶಾಲಾ ಭೇಟಿ ಮೊದಲೇ ನಿಗದಿಯಾಗಿರುವುದರಿಂದ ಜಿಲ್ಲಾ ಆರೋಗ್ಯಾಧಿಕಾರಿಗಳ ಆದೇಶ ಆ ಪಟ್ಟಿ ತಯಾರಾಗುವ ಮೊದಲು ಕೈ ಸೇರಬೇಕು. ಆಮೇಲೆ ಬಂದರೆ ಅರ್ಧ ಜನ ಬರುವುದಿಲ್ಲ, ಅದು ಅವರ ತಪ್ಪೂ ಅಲ್ಲ.

ಮುಂಗಡ ಕೊಡುವ ಮೊದಲು ಮ್ಯಾನೇಜರರನ್ನು ಕೇಳಬೇಕಾದ ಮೊದಲ ಪ್ರಶ್ನೆ: ಅದೇ ಸಂಜೆ ಬೇರೆ ಕಾರ್ಯಕ್ರಮ ಇದೆಯೇ? ಇದ್ದರೆ ಮಧ್ಯಾಹ್ನ ಎರಡಕ್ಕೇ ಡೆಕೊರೇಷನ್‌ನವರು ಏಣಿ, ಸುತ್ತಿಗೆ ಹಿಡಿದು ಒಳಗೆ ಬರುತ್ತಾರೆ. ಎರಡನೆಯದು ಜನರೇಟರ್. ಡೀಸೆಲ್ ಖರ್ಚು ಯಾರದ್ದು, ವೇದಿಕೆಯ ಪ್ಲಗ್‌ಗಳಿಗೂ ಅದರ ಲೈನ್ ಇದೆಯೇ ಎಂದು ನೋಡಿ. ಕರೆಂಟ್ ಹೋಗಿ ಜನರೇಟರ್ ಹಿಡಿಯುವ ಆ ಹತ್ತು ಸೆಕೆಂಡಿನಲ್ಲಿ ಪ್ರೊಜೆಕ್ಟರ್ ಆರಿಹೋಗುತ್ತದೆ, ಮತ್ತೆ ಹೊತ್ತಿಕೊಳ್ಳಲು ನಿಮಿಷಗಳೇ ಬೇಕು. ಅದಕ್ಕೊಂದು ಯುಪಿಎಸ್ ಪ್ರತ್ಯೇಕ ಇಟ್ಟೆವು.

ಪರದೆಯ ಲೆಕ್ಕ ಸುಲಭ. ಚಿತ್ರದ ಎತ್ತರದ ಆರು ಪಟ್ಟು ದೂರದೊಳಗೆ ಕೊನೆಯ ಸಾಲು ಇರಬೇಕು. 6 ಅಡಿ ಎತ್ತರದ ಚಿತ್ರಕ್ಕೆ 36 ಅಡಿ; ನಮ್ಮ ಹಾಲ್ 70 ಅಡಿ ಉದ್ದ. ಶಾಮಿಯಾನದವರಿಂದ ದಪ್ಪ ಬಟ್ಟೆ ತರಿಸಿ ಹಾಲಿನ ಹಿಂಭಾಗವನ್ನು ಅಡ್ಡಲಾಗಿ ಮುಚ್ಚಿಸಿದೆವು, ಕುರ್ಚಿಗಳನ್ನು ಅಗಲಕ್ಕೆ ಹರಡಿದೆವು. ಬಟ್ಟೆಯಿಂದ ಇನ್ನೊಂದು ಲಾಭ, ಪ್ರತಿಧ್ವನಿ ಅರ್ಧ ಇಳಿಯಿತು. ಸೌಂಡ್‌ನವರು ಅಭ್ಯಾಸಬಲದಿಂದ ದೊಡ್ಡ ಬಾಕ್ಸ್‌ಗಳನ್ನು ವೇದಿಕೆಯ ಎರಡು ಬದಿಗೆ ಇಟ್ಟು ಬೇಸ್ ಏರಿಸುತ್ತಾರೆ. ಮಾತಿಗೆ ಬೇಸ್ ಬೇಡ. ಚಿಕ್ಕ ಕಾಲಂ ಸ್ಪೀಕರ್ ನಾಲ್ಕು, ಹಾಲಿನ ಉದ್ದಕ್ಕೂ, ಕಡಿಮೆ ಧ್ವನಿಯಲ್ಲಿ. ಕಾರ್ಡ್‌ಲೆಸ್ ಮೈಕಿನ ಬ್ಯಾಟರಿಯನ್ನು ಊಟದ ಹೊತ್ತಿಗೆ ಬದಲಿಸಿ, ಸತ್ತಿರಲಿ ಬಿಡಲಿ.

ಇನ್ನು ಸ್ಲೈಡ್‌ಗಳು. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಕಡತವನ್ನು ಆ ಫಾಂಟ್ ಇಲ್ಲದ ಲ್ಯಾಪ್‌ಟಾಪ್‌ನಲ್ಲಿ ತೆರೆದರೆ ಕನ್ನಡದ ಜಾಗದಲ್ಲಿ ಬಾಲ, ಟೋಪಿ ಅಂಟಿಸಿಕೊಂಡ ಲ್ಯಾಟಿನ್ ಅಕ್ಷರಗಳ ರಾಶಿ ಕಾಣುತ್ತದೆ. ಯೂನಿಕೋಡ್‌ಗೆ ಬದಲಿಸಿ ಎಂದು ಹಿರಿಯ ಉಪನ್ಯಾಸಕರಿಗೆ ಹೇಳಿ ಪ್ರಯೋಜನವಿಲ್ಲ. ಅವರ ಕಂಪ್ಯೂಟರಿನಲ್ಲೇ ಪಿಡಿಎಫ್ ಮಾಡಿಸಿ ಎರಡು ದಿನ ಮೊದಲು ತರಿಸಿಕೊಳ್ಳಿ. ಬಂದದ್ದನ್ನು ಓದಿ ಕೂಡ ನೋಡಿ: ಹದಿಹರೆಯದವರ ವಾರದ ಕಬ್ಬಿಣಾಂಶದ ನೀಲಿ ಮಾತ್ರೆಯಲ್ಲಿ 2018ರ ಅನೀಮಿಯಾ ಮುಕ್ತ ಭಾರತ ಮಾರ್ಗಸೂಚಿಯಂತೆ 60 ಮಿ.ಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರಬೇಕು. ಹಳೆಯ ಸ್ಲೈಡ್‌ಗಳಲ್ಲಿ ಇನ್ನೂ 100 ಮಿ.ಗ್ರಾಂ ಎಂದೇ ಇರುತ್ತದೆ.

ಉದ್ಘಾಟನೆಯನ್ನು ಬೆಳಗ್ಗೆ ಮೊದಲಿಗೇ ಇಟ್ಟರೆ ಗಣ್ಯರ ಕಾರಿಗೆ ಕಾಯುತ್ತಾ ಒಂದು ಗೋಷ್ಠಿ ಸಾಯುತ್ತದೆ. ದೂರದ ತಾಲ್ಲೂಕಿನವರ ಬಸ್ ನೋಡಿಕೊಂಡು 10:15ಕ್ಕೆ ಮೊದಲ ಗೋಷ್ಠಿ ಶುರುಮಾಡಿ, ದೀಪ ಬೆಳಗಿಸುವುದನ್ನು 11:30ಕ್ಕೆ ತಳ್ಳಿದೆವು. ನಾಡಗೀತೆ 2 ನಿಮಿಷ 30 ಸೆಕೆಂಡು, ಶಾಲು ಹಾರ ವೇದಿಕೆಯಲ್ಲಿರುವವರಿಗಷ್ಟೇ, ಭಾಷಣ ಇಬ್ಬರದೇ. ಆಹ್ವಾನ ಪತ್ರಿಕೆಯಲ್ಲಿ ಹೆಸರುಗಳ ಕ್ರಮಕ್ಕೆ ಒಂದು ಇಡೀ ಸಂಜೆ ಹಿಡಿಯುತ್ತದೆ, ಅದನ್ನು ಲೆಕ್ಕಕ್ಕೆ ಸೇರಿಸಿಕೊಂಡಿರಿ.

ನೋಂದಣಿಗೆ ಮೂರು ಟೇಬಲ್, ಅಕ್ಷರಾನುಕ್ರಮದಲ್ಲಿ ಅಲ್ಲ, ತಾಲ್ಲೂಕುವಾರು. ಹಾಜರಾತಿ ಪತ್ರ ಸಂಜೆ ನಾಲ್ಕರ ನಂತರವೇ ಕೊಡಬೇಕು. ಇಂಥ ಸಮ್ಮೇಳನಕ್ಕೆ ಬಂದ ವೈದ್ಯರಿಗೆ ಸಿಗುವ ಕ್ರೆಡಿಟ್ ಅಂಕದ ವಿಷಯದಲ್ಲಿ ಒಂದು ಎಚ್ಚರಿಕೆ: ಆರ್‌ಬಿಎಸ್‌ಕೆ ವೈದ್ಯರು ಆಯುಷ್‌ನವರು, ಅವರ ನೋಂದಣಿ ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ಇರುವುದಿಲ್ಲ. ಪರಿಷತ್ತಿನ ಅಂಕ ಸಿಗುತ್ತದೆಂದು ಎಲ್ಲರಿಗೂ ಆಸೆ ಹುಟ್ಟಿಸಬೇಡಿ.

ಕೈಯಾರೆ ಮಾಡಿ ಕಲಿಯುವ ಭಾಗಕ್ಕೆ ಛತ್ರ ಚೆನ್ನಾಗಿಯೇ ಒದಗಿತು. ದೃಷ್ಟಿ ಪರೀಕ್ಷೆಗೆ ಅಡ್ಡಿಯಿಲ್ಲದ 6 ಮೀಟರ್ ಬೇಕು, ಊಟದ ಹಾಲಿನ ಓಣಿಯಲ್ಲಿ ಸಿಕ್ಕಿತು. ನೆಲಕ್ಕೆ ಟೇಪ್ ಅಂಟಿಸಿ ಗುರುತು ಮಾಡಿದೆವು. ವಧುವಿನ ಕೋಣೆ, ವರನ ಕೋಣೆ ಎರಡೂ ಆಪ್ತಸಮಾಲೋಚನೆಯ ಅಭಿನಯಕ್ಕೆ, ಬಾಗಿಲು ಹಾಕಿಕೊಂಡು, ಗುಂಪಿಗೆ ಹನ್ನೆರಡೇ ಜನ. ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆ ಕಾಯ್ದೆ) ಗೋಷ್ಠಿಗೆ 50 ನಿಮಿಷ ಕೊಟ್ಟಿದ್ದೂ ಸಾಲಲಿಲ್ಲ. 19ನೇ ಕಲಂ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು, ಆದರೆ ಗುಟ್ಟು ಬಿಡಬೇಡಿ ಎಂದು ಸಮಾಲೋಚನೆಗೆ ಬಂದ ಹುಡುಗಿ ಕೇಳಿಕೊಂಡಿದ್ದಾಳೆ. ಪ್ರಶ್ನೆಗಳೆಲ್ಲ ಇದರ ಸುತ್ತಲೇ. ಮುಂದಿನ ಸಲ ಒಂದೂವರೆ ಗಂಟೆ. ಪ್ರಕರಣ ಚರ್ಚೆಯಲ್ಲಿ ಹೆಸರು, ಶಾಲೆ, ಊರು ಮೂರೂ ತೆಗೆಸಿ, ಫೋನ್‌ಗಳನ್ನು ಬುಟ್ಟಿಗೆ ಹಾಕಿಸಿದೆವು.

ಊಟ ಎಲೆಯಲ್ಲಿ ಬಡಿಸಿದರೆ ನೂರರ ಎರಡು ಪಂಕ್ತಿ, ಒಂದೂಕಾಲು ಗಂಟೆ ಖರ್ಚು. ಎರಡು ಬದಿಯಿಂದಲೂ ಬಡಿಸಿಕೊಳ್ಳುವ ಬಫೆ ಸಾಲು ಎರಡು ಹಾಕಿಸಿದ್ದಕ್ಕೆ ಎಲ್ಲರ ಕೈಗೂ ತಟ್ಟೆ 25 ನಿಮಿಷದಲ್ಲಿ ಬಂತು. ಕಾಫಿ ಟೀ ತಲೆಗೆ 120 ಮಿ.ಲೀ. ಹಿಡಿದರೆ 22 ಲೀಟರ್, 24 ಹೇಳಿ. ಹೋಳಿಗೆ ಬೇಡವೆಂದೆವು. ಹೋಳಿಗೆ ತಿಂದವರ ಮುಂದೆ ಎರಡು ಗಂಟೆಗೆ ಅಂಕಿ ಅಂಶ ತೋರಿಸುವುದು ಇಬ್ಬರಿಗೂ ಶಿಕ್ಷೆ.

ಬಂದವರಲ್ಲಿ ಹೆಂಗಸರೇ ಹೆಚ್ಚು, ಆದ್ದರಿಂದ ಗಂಡಸರ ಎರಡು ಶೌಚಾಲಯಗಳಲ್ಲಿ ಒಂದಕ್ಕೆ ಮಹಿಳೆಯರ ಫಲಕ ಹಾಕಿ, ಒಳಗೆ ಮುಚ್ಚಳದ ಬುಟ್ಟಿ ಇಟ್ಟೆವು.

ಹಿಮೋಗ್ಲೋಬಿನ್ ಪರೀಕ್ಷೆಯ ಮೇಜನ್ನು ಅಡುಗೆಮನೆಯಿಂದ ಅತಿ ದೂರದ ಮೂಲೆಗೆ ಹಾಕಬೇಕು. ಲ್ಯಾನ್ಸೆಟ್‌ಗಳು (ಬೆರಳು ಚುಚ್ಚುವ ಸೂಜಿಗಳು) ಚುಚ್ಚಿದರೂ ತೂತಾಗದ ಬಿಳಿ ಡಬ್ಬಿಗೆ, ರಕ್ತ ತಾಗಿದ ಹತ್ತಿ ಹಳದಿ ಚೀಲಕ್ಕೆ. ಇವನ್ನು ಛತ್ರದ ಕಸಕ್ಕೆ ಸೇರಿಸುವಂತಿಲ್ಲ, ಆಸ್ಪತ್ರೆಗೇ ವಾಪಸ್ ಹೋಗಬೇಕು. ಒಬ್ಬ ನರ್ಸ್ ಹೆಸರಿಗೆ ಆ ಜವಾಬ್ದಾರಿ ಬರೆದು, ಡಬ್ಬಿ ಮುಚ್ಚಿ ಗಾಡಿಗೆ ಹತ್ತಿದ ಮೇಲೆಯೇ ಕುರ್ಚಿ ಎಣಿಸಿ, ಮೀಟರ್ ರೀಡಿಂಗ್ ಬರೆಸಿ, ಬೀಗ ಒಪ್ಪಿಸಿದೆವು.