ಅಪ್ಪನ ಮಿಲ್ಲು, ನನ್ನ ಲಿನೊ

ಕಲಾ ಕಾಲೇಜಿನಲ್ಲಿ ಗ್ರಾಫಿಕ್ಸ್, ಅಂದರೆ ಅಚ್ಚುಚಿತ್ರದ ವಿಭಾಗ ತಗೊಂಡೆ ಅಂದಾಗ ಅಪ್ಪ ಕೇಳಿದ್ದು ಒಂದೇ ಮಾತು: ‘ಲಗ್ನಪತ್ರಿಕೆ ಅಚ್ಚು ಹಾಕೋಕೆ ನಾಲ್ಕು ವರ್ಷ ಓದಬೇಕೇನೋ?’ ನಮ್ಮದು ಅರಸೀಕೆರೆ ಕಡೆಯ ಹಳ್ಳಿ. ಅಪ್ಪನದು ಹಿಟ್ಟಿನ ಮಿಲ್ಲು. ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಪ್ರೆಸ್ ಹಾಕಿ ಲಕ್ಷ್ಮಿ, ಸರಸ್ವತಿಯರನ್ನು ಮನೆಮನೆಗೆ ಮುಟ್ಟಿಸಿದ್ದನ್ನು ಹೇಳಿದೆ. ಅಪ್ಪ ದೇವರ ಗೂಡಿನ ಕಡೆ ಒಮ್ಮೆ ನೋಡಿ ಸುಮ್ಮನಾದರು. ಒಪ್ಪಿದರೋ ಇಲ್ಲವೋ ಗೊತ್ತಾಗಲಿಲ್ಲ.

ಮೈಸೂರಿನಲ್ಲಿ ಎರಡನೇ ವರ್ಷ ಲಿನೊಕಟ್ ಶುರುವಾಯಿತು: ಲಿನೋಲಿಯಂ ಹಾಳೆಯಲ್ಲಿ ಚಿತ್ರ ಕೆತ್ತಿ, ಮಸಿ ಬಳಿದು, ಕಾಗದಕ್ಕೆ ಅಚ್ಚು ತೆಗೆಯೋದು. ಲಿನೊವನ್ನು ಸ್ವಲ್ಪ ಹೊತ್ತು ಬಿಸಿಲಿಗಿಟ್ಟರೆ ಮೆತ್ತಗಾಗುತ್ತದೆ, ಉಳಿ ಸಲೀಸಾಗಿ ಓಡುತ್ತದೆ. ಕೆತ್ತಿದ್ದು ಬಿಳಿ, ಬಿಟ್ಟದ್ದು ಕಪ್ಪು. ಇಷ್ಟೇ ವಿದ್ಯೆ. ನನಗೆ ಮಾತ್ರ ಬಿಡೋಕೇ ಬರುತ್ತಿರಲಿಲ್ಲ. ಕಪ್ಪು ಜಾಗ ಕಂಡರೆ ಕೆಲಸ ಬಾಕಿ ಇದೆ ಅನ್ನಿಸುತ್ತಿತ್ತು. ಗೋಡೆ, ನೆಲ, ಚೀಲ, ಎಲ್ಲದರ ಮೇಲೂ ಗೀರುಗಳು. ಮಿಲ್ಲಿನ ಮೊದಲ ಪ್ರಿಂಟು ಬೂದಿ ಬಳಿದ ಹಾಗೆ ಬಂತು. ಸಾಲದ್ದಕ್ಕೆ ‘ಇಲ್ಲಿ ರಾಗಿ ಬೀಸಿಕೊಡಲಾಗುವುದು’ ಅನ್ನೋ ಬೋರ್ಡನ್ನು ನೇರವಾಗಿಯೇ ಕೆತ್ತಿದ್ದೆ. ಅಚ್ಚಿನಲ್ಲಿ ಅಷ್ಟೂ ಅಕ್ಷರ ಉಲ್ಟಾ. ‘ಇದು ಕನ್ನಡ ಅಲ್ಲಪ್ಪ, ಕನ್ನಡಿ’ ಅಂದರು ಸರ್.

ಆಮೇಲೆ ಕೆಥೆ ಕೋಲ್ವಿಟ್ಸ್ ಎಂಬ ಜರ್ಮನ್ ಕಲಾವಿದೆ 1920ರ ದಶಕದಲ್ಲಿ ಮಾಡಿದ ಯುದ್ಧದ ವುಡ್‌ಕಟ್‌ಗಳನ್ನು, ಅಂದರೆ ಮರದಲ್ಲಿ ಕೆತ್ತಿ ತೆಗೆದ ಅಚ್ಚುಗಳನ್ನು, ಪುಸ್ತಕದಲ್ಲಿ ನೋಡಿದೆ. ಎಷ್ಟೊಂದು ಕಪ್ಪು! ಮುಖ, ಕೈ ಅಷ್ಟೇ ಬೆಳಕಿಗೆ ಬಂದಿವೆ. ಮಿಲ್ಲಿನ ಒಳಗೂ ಹಾಗೇ ಅಲ್ವಾ? ಕತ್ತಲೆಯಲ್ಲಿ ಕಾಣೋದು ಹಿಟ್ಟು ಮಾತ್ರ.

ಮುಂದಿನ ಲಿನೊದಲ್ಲಿ ಗೋಡೆ ಮುಟ್ಟಲಿಲ್ಲ. ಹಿಟ್ಟು ಬೀಳುವ ಬಾಯಿಗೆ ಕಟ್ಟಿದ ಬಟ್ಟೆ, ಅಪ್ಪನ ಹುಬ್ಬು, ಮುಂಗೈ ಕೂದಲು, ಇಷ್ಟನ್ನೇ ಕೆತ್ತಿದೆ. ಹುಬ್ಬಿನ ಹಿಟ್ಟಿಗೆ ಉಳಿಯ ತುದಿಯಿಂದ ಸಣ್ಣ ಚುಕ್ಕಿ, ಅಷ್ಟೇ. ಅದಕ್ಕೇ ಒಂದು ಮಧ್ಯಾಹ್ನ ಹೋಯಿತು. ಬೋರ್ಡನ್ನು ಈ ಸಲ ಟ್ರೇಸಿಂಗ್ ಪೇಪರ್ ಮೇಲೆ ಬರೆದು, ಮಗುಚಿ ಹಾಕಿ ಇಳಿಸಿಕೊಂಡೆ. ಪ್ರೆಸ್ ಖಾಲಿ ಇಲ್ಲದ ದಿನ ಸ್ಟೀಲ್ ಚಮಚದ ಬೆನ್ನಿನಿಂದ ಉಜ್ಜಿ ಪ್ರಿಂಟ್ ತೆಗೆದೆ. ಹತ್ತು ಪ್ರತಿ. ಕೆಳಗೆ ಪೆನ್ಸಿಲ್‌ನಲ್ಲಿ 1/10, 2/10 ಅಂತ ಬರೆಯುವಾಗ ಏನೋ ದೊಡ್ಡವನಾದ ಜಂಬ.

ಕೊನೆ ವರ್ಷದ ಪ್ರದರ್ಶನಕ್ಕೆ ಐದು ಚಿತ್ರ ಹಾಕಿದೆ. ಉದ್ಘಾಟನೆ, ಭಾಷಣ ಎಲ್ಲ ಇದ್ದದ್ದೇ. ಚಿತ್ರದ ನಡುಭಾಗ ನೆಲದಿಂದ 57 ಇಂಚಿಗೆ ಬರಬೇಕು ಅಂತ ಟೇಪ್ ಹಿಡಿದು ಒದ್ದಾಡಿದ್ದೇ ಜಾಸ್ತಿ ನೆನಪು. ಎರಡನೇ ದಿನ ಅಪ್ಪ ಬಂದರು. ಮಿಲ್ಲಿನ ಮುಂದೆ ತುಂಬಾ ಹೊತ್ತು ನಿಂತರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ.

‘ಚೆನ್ನಾಗೈತೆ ಕಣೋ. ಬೆಲ್ಟ್ ಯಾಕೆ ಬಲಗಡೆ ಬಂತು? ನಮ್ದು ಎಡಗಡೆ ಅಲ್ವೇನೋ?’

ಬೋರ್ಡನ್ನು ತಿರುಗಿಸಿದ್ದೆ. ಮಿಲ್ಲನ್ನು ಕಂಡ ಹಾಗೇ ಬರೆದುಬಿಟ್ಟಿದ್ದೆ! ನೋಡಿದ ಅಷ್ಟೂ ಜನರಲ್ಲಿ ಹಿಡಿದದ್ದು ಅವರೊಬ್ಬರೇ.

3/10 ಈಗ ನಮ್ಮ ಮಿಲ್ಲಿನ ಗೋಡೆ ಮೇಲಿದೆ. ಫ್ರೇಮಿನ ಗಾಜಿಗೆ ವಾರಕ್ಕೊಮ್ಮೆ ಹಿಟ್ಟು ಒರೆಸಬೇಕು. ರಾಗಿ ಬೀಸಿಸೋಕೆ ಬಂದವರಿಗೆಲ್ಲ ಬೆಲ್ಟ್ ಎಲ್ಲಿ ತಪ್ಪಾಗಿದೆ ಅಂತ ಅಪ್ಪ ತೋರಿಸುತ್ತಾರಂತೆ.