ಶಂಖ ಊದುವ ಮುನ್ನ ಉಸಿರು ಎಣಿಸಿ

ಗೊರಕೆ ಹೊಡೆಯುವವನಿಗೆ ಸಲಹೆಗಳ ಬರ ಎಂದೂ ಇರುವುದಿಲ್ಲ. ನನಗೆ ಸ್ಲೀಪ್ ಅಪ್ನಿಯಾ, ಅಂದರೆ ನಿದ್ದೆಯಲ್ಲಿ ಉಸಿರು ಕಟ್ಟುವ ಕಾಯಿಲೆ, ಇದೆ ಎಂಬ ಸುದ್ದಿ ಹರಡಿದ ವಾರದಲ್ಲೇ ನೆಂಟರಿಷ್ಟರ ಮದ್ದುಗಳ ಪಟ್ಟಿ ಬಂದಿತ್ತು. ಮಲಗುವ ಮುನ್ನ ಮೂಗಿಗೆ ಎರಡು ಹನಿ ಹಸುವಿನ ತುಪ್ಪ, ಜಾಯಿಕಾಯಿ ತೇದು ಹಾಕಿದ ಹಾಲು, ಜೇನಿನಲ್ಲಿ ಕಲಸಿದ ಕಾಳುಮೆಣಸಿನ ಪುಡಿ, ಬಾಯಿಗೆ ಅಂಟಿಸುವ ಟೇಪು, ಕಿರುಬೆರಳಿಗೆ ತಾಮ್ರದ ಉಂಗುರ. ಕೊನೆಗೆ ಸೋದರಮಾವನಿಂದ ಒಂದು ಶಂಖವೇ ಬಂತು. ವೈದ್ಯರು ಹೇಳಿದ್ದು ಮಾತ್ರ ಒಂದೇ ಮಾತು: ರಾತ್ರಿಯಿಡೀ ಮೂಗಿಗೆ ಗಾಳಿ ಊದುವ ಯಂತ್ರದ ಮಾಸ್ಕ್ ಕಟ್ಟಿಕೊಂಡು ಮಲಗಿ.

ನಾನು ಎಂಟು ತಿಂಗಳು ನೆಂಟರ ಮಾತನ್ನೇ ಕೇಳಿದೆ. ಗೊರಕೆಯ ಸದ್ದು ಸ್ವಲ್ಪ ತಗ್ಗಿತು ಎಂದು ಮನೆಯಲ್ಲಿ ಎಲ್ಲರೂ ಒಪ್ಪಿದರು. ಮತ್ತೆ ಪರೀಕ್ಷೆ ಮಾಡಿಸಿದಾಗ ಗಂಟೆಗೆ 38 ಇದ್ದದ್ದು 41 ಆಗಿತ್ತು. ಏನು ಆ 38, ಏನು ಆ 41 ಎಂಬುದು ತಿಳಿದರೆ ಮನೆಮದ್ದು ಮತ್ತು ಯಂತ್ರದ ಜಗಳ ಅರ್ಧ ಬಗೆಹರಿಯುತ್ತದೆ.

ನಿದ್ದೆ ಆಳವಾದಂತೆ ನಾಲಿಗೆ, ಅಂಗುಳ, ಗಂಟಲಿನ ಸ್ನಾಯುಗಳು ಸಡಿಲವಾಗುತ್ತವೆ. ಒದ್ದೆ ಬಟ್ಟೆಯ ಕೊಳವೆಯನ್ನು ಬಾಯಲ್ಲಿಟ್ಟು ಹೀರಿದರೆ ಅದರ ಗೋಡೆಗಳು ಒಂದಕ್ಕೊಂದು ಅಂಟಿಕೊಳ್ಳುವುದಿಲ್ಲವೇ, ಹಾಗೆ ಗಂಟಲು ಮುಚ್ಚಿಕೊಳ್ಳುತ್ತದೆ. ಎದೆ ಉಸಿರಿಗಾಗಿ ಎಳೆಯುತ್ತಲೇ ಇರುತ್ತದೆ, ಗಾಳಿ ಮಾತ್ರ ಒಳಗೆ ಹೋಗುವುದಿಲ್ಲ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮೆದುಳು ಗಾಬರಿಬಿದ್ದು ಅರೆಕ್ಷಣ ಎಬ್ಬಿಸುತ್ತದೆ, ದೊಡ್ಡ ಸದ್ದಿನೊಂದಿಗೆ ಉಸಿರು ಮರಳುತ್ತದೆ. ಬೆಳಿಗ್ಗೆ ಇದಾವುದೂ ನೆನಪಿರುವುದಿಲ್ಲ. ಕನಿಷ್ಠ 10 ಸೆಕೆಂಡು ಉಸಿರು ನಿಲ್ಲುವ ಅಥವಾ ತೀರಾ ತೆಳುವಾಗುವ ಇಂಥ ಪ್ರಸಂಗಗಳು ಗಂಟೆಗೆ ಎಷ್ಟು ಎಂಬ ಲೆಕ್ಕವೇ ಎಎಚ್‌ಐ. 5ಕ್ಕಿಂತ ಕಡಿಮೆ ಇದ್ದರೆ ಚಿಂತೆಯಿಲ್ಲ. 5ರಿಂದ 15 ಸೌಮ್ಯ, 15ರಿಂದ 30 ಮಧ್ಯಮ, 30 ದಾಟಿದರೆ ತೀವ್ರ. ಯಾವ ಮದ್ದು ಹೇಳಿದವರನ್ನೂ ಕೇಳಬೇಕಾದ ಪ್ರಶ್ನೆ ಒಂದೇ: ಇದು ಆ ಸಂಖ್ಯೆಯನ್ನು ಎಷ್ಟು ಇಳಿಸುತ್ತದೆ?

ಹೆಜ್ಜೆ 1: ಪಕ್ಕದಲ್ಲಿ ಮಲಗುವವರ ಸಾಕ್ಷ್ಯ ಪಡೆಯಿರಿ

ಈ ಕಾಯಿಲೆಯಲ್ಲಿ ರೋಗಿಯ ಮಾತಿಗಿಂತ ಪಕ್ಕದಲ್ಲಿ ಮಲಗುವವರ ಮಾತಿಗೆ ಬೆಲೆ ಹೆಚ್ಚು. ಒಂದು ರಾತ್ರಿ ಮೊಬೈಲ್ ಕ್ಯಾಮೆರಾ ಇಟ್ಟು ಚಿತ್ರೀಕರಿಸಿ. ನೋಡುವಾಗ ಸದ್ದಿನ ಮೇಲೆ ಗಮನವಿಡಬೇಡಿ, ಮೌನದ ಮೇಲೆ ಇಡಿ. ಏರುತ್ತಿದ್ದ ಗೊರಕೆ ಥಟ್ಟನೆ ನಿಂತು, ಹೊಟ್ಟೆ ಮಾತ್ರ ಏರಿಳಿಯುತ್ತಿದ್ದು, ನಂತರ ಉಬ್ಬಸದಂಥ ಸದ್ದಿನೊಂದಿಗೆ ಮತ್ತೆ ಶುರುವಾದರೆ, ನಡುವಿನ ಆ ನಿಶ್ಶಬ್ದವೇ ಕಾಯಿಲೆ. ‘ರೀ, ನಿಮ್ಮ ಗೊರಕೆಗೆ ನಾನು ಎಚ್ಚರವಾಗುವುದಿಲ್ಲ, ಅದು ನಿಂತಾಗ ಎಚ್ಚರವಾಗುತ್ತದೆ’ ಎಂದು ನನ್ನ ಹೆಂಡತಿ ವರ್ಷಗಟ್ಟಲೆ ಹೇಳುತ್ತಿದ್ದಳು. ನಾನು ಅದನ್ನು ನಗೆಮಾತು ಎಂದುಕೊಂಡಿದ್ದೆ.

ಆಮೇಲೆ ಸ್ಟಾಪ್-ಬ್ಯಾಂಗ್ ಎಂಬ ಎಂಟು ಪ್ರಶ್ನೆಗಳಿಗೆ ಉತ್ತರಿಸಿ. ಜೋರು ಗೊರಕೆ, ಹಗಲಿನ ದಣಿವು, ಉಸಿರು ನಿಂತದ್ದನ್ನು ಇನ್ನೊಬ್ಬರು ನೋಡಿರುವುದು, ರಕ್ತದೊತ್ತಡ, ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 35ಕ್ಕಿಂತ ಹೆಚ್ಚು, ವಯಸ್ಸು 50 ದಾಟಿರುವುದು, ಕುತ್ತಿಗೆಯ ಸುತ್ತಳತೆ 40 ಸೆಂ.ಮೀ.ಗಿಂತ ಹೆಚ್ಚು, ಗಂಡಸಾಗಿರುವುದು. ದರ್ಜಿಯ ಟೇಪಿದ್ದರೆ ಸಾಕು. ಮೂರು ‘ಹೌದು’ ಬಂದರೆ ವೈದ್ಯರನ್ನು ಕಾಣಿರಿ. ಐದು ಬಂದರೆ ಮುಂದೂಡಬೇಡಿ. ಬಿಎಂಐ 35 ಇಲ್ಲ ಎಂದು ನಿರಾಳವಾಗುವುದೂ ಬೇಡ. ಮುಖದ ಎಲುಬಿನ ರಚನೆ, ಒಳಸರಿದ ಗಲ್ಲದ ಕಾರಣದಿಂದ ನಮ್ಮಲ್ಲಿ ಅಷ್ಟೇನೂ ದಪ್ಪವಿಲ್ಲದವರಿಗೂ ಇದು ಬರುತ್ತದೆ.

ರಾತ್ರಿ ಎರಡು ಮೂರು ಸಲ ಮೂತ್ರಕ್ಕೆ ಏಳುವುದನ್ನು ನಾವು ಸಕ್ಕರೆಯ ಲೆಕ್ಕಕ್ಕೋ ಪ್ರಾಸ್ಟೇಟ್ ಲೆಕ್ಕಕ್ಕೋ ಹಾಕಿಬಿಡುತ್ತೇವೆ. ಉಸಿರು ಕಟ್ಟಿದಾಗ ಎದೆಯೊಳಗಿನ ಒತ್ತಡ ಬದಲಾಗಿ, ಹೃದಯವು ಮೂತ್ರ ಹೆಚ್ಚಿಸುವ ಹಾರ್ಮೋನನ್ನು ಸ್ರವಿಸುತ್ತದೆ. ಇದೂ ಕಾರಣವಿರಬಹುದು. ಹೆಂಗಸರಲ್ಲಿ ಗೊರಕೆಗಿಂತ ಬೆಳಗಿನ ತಲೆನೋವು, ಬಿಡದ ಆಯಾಸ, ನಿದ್ದೆ ಬಾರದಿರುವುದು ಮುಂದಾಗಿ ಕಾಣುವುದರಿಂದ, ಮುಟ್ಟು ನಿಂತ ಮೇಲಿನ ಸುಸ್ತು ಎಂದು ತಳ್ಳಿಹಾಕುವುದೇ ಹೆಚ್ಚು.

ಹೆಜ್ಜೆ 2: ಪರೀಕ್ಷೆ ಮಾಡಿಸಿ, ತಲೆಗೆ ಎಣ್ಣೆ ಹಚ್ಚಬೇಡಿ

ಶ್ವಾಸಕೋಶ ತಜ್ಞರು ಅಥವಾ ಇಎನ್‌ಟಿ ವೈದ್ಯರು ಪಾಲಿಸಾಮ್ನೋಗ್ರಫಿ ಎಂಬ ನಿದ್ದೆಯ ಪರೀಕ್ಷೆ ಬರೆದುಕೊಡುತ್ತಾರೆ. ತಲೆ, ಕಣ್ಣಂಚು, ಗಲ್ಲ, ಎದೆ, ಕಾಲಿಗೆ ವೈರುಗಳು, ಮೂಗಿನ ಬಳಿ ಉಸಿರು ಅಳೆಯುವ ಕೊಳವೆ, ಎದೆಗೂ ಹೊಟ್ಟೆಗೂ ಪಟ್ಟಿ, ಬೆರಳಿಗೆ ಆಕ್ಸಿಮೀಟರ್. ಆ ದಿನ ತಲೆಗೆ ಎಣ್ಣೆ ಹಚ್ಚಿದರೆ ವೈರುಗಳು ನಿಲ್ಲುವುದಿಲ್ಲ. ಉಗುರಿನ ಬಣ್ಣ ತೆಗೆದು ಹೋಗಿ. ಇಷ್ಟೆಲ್ಲ ಕಟ್ಟಿಕೊಂಡು ನಿದ್ದೆ ಬರುತ್ತದೆಯೇ ಎಂದರೆ, ಈ ಕಾಯಿಲೆಯವರಿಗೆ ಬಂದೇ ಬರುತ್ತದೆ.

ಮನೆಯಲ್ಲೇ ಮಾಡುವ ಚಿಕ್ಕ ಪರೀಕ್ಷೆಯೂ ಇದೆ. ಆದರೆ ಅದು ನೀವು ಮಲಗಿದ್ದ ಹೊತ್ತನ್ನೆಲ್ಲ ನಿದ್ದೆ ಎಂದೇ ಎಣಿಸುವುದರಿಂದ ಸಂಖ್ಯೆ ಕಡಿಮೆ ಬರಬಹುದು. ಫಲಿತಾಂಶ ಚೆನ್ನಾಗಿದ್ದು ಲಕ್ಷಣಗಳು ಹೋಗದಿದ್ದರೆ ದೊಡ್ಡ ಪರೀಕ್ಷೆ ಕೇಳಿ. ಕೈಗಡಿಯಾರ ಕೊಡುವ ಸೂಚನೆ ವೈದ್ಯರ ಬಳಿ ಹೋಗಲು ನೆಪವಾಗಬಹುದು, ಅಷ್ಟೆ. ಥೈರಾಯ್ಡ್ ಪರೀಕ್ಷೆಯನ್ನೂ ಒಟ್ಟಿಗೆ ಮುಗಿಸಿ.

ಹೆಜ್ಜೆ 3: ಮದ್ದುಗಳನ್ನು ಜರಡಿ ಹಿಡಿಯಿರಿ

ಮೊದಲು ಬೀಳಬೇಕಾದದ್ದು ನಿದ್ದೆ ಬರಿಸುವ ಮದ್ದುಗಳ ರಾಶಿ. ಜಾಯಿಕಾಯಿ ಹಾಲು, ಗಸಗಸೆ ಪಾಯಸ, ಅಂಗಡಿಯ ನಿದ್ದೆ ಗುಳಿಗೆ. ಇಲ್ಲಿ ನಿದ್ದೆಯ ಕೊರತೆ ಇಲ್ಲ. ನಿದ್ದೆಯೊಳಗೆ ಗಾಳಿಯ ಕೊರತೆ ಇದೆ. ಹಬ್ಬದ ದಿನ ಪಾಯಸ ಉಣ್ಣಲು ಅಡ್ಡಿಯಿಲ್ಲ, ಔಷಧಿಯೆಂದು ಕುಡಿಯಬೇಡಿ. ಮದ್ಯ ಮತ್ತು ಕೆಲವು ನಿದ್ದೆ ಮಾತ್ರೆಗಳಂತೂ ಗಂಟಲನ್ನು ಇನ್ನಷ್ಟು ಸಡಿಲಗೊಳಿಸಿ ಕಾಯಿಲೆಯನ್ನು ಹೆಚ್ಚಿಸುತ್ತವೆ.

ಮೂಗಿಗೆ ತುಪ್ಪ, ಎಣ್ಣೆ ಬಿಟ್ಟು ಮಲಗುವುದು ಬೇಡವೇ ಬೇಡ. ಜಿಡ್ಡು ಶ್ವಾಸಕೋಶಕ್ಕೆ ಇಳಿದರೆ ಲಿಪಾಯಿಡ್ ನ್ಯುಮೋನಿಯಾ ಎಂಬ ತೊಂದರೆ ಬರುತ್ತದೆ. ಮಕ್ಕಳಿಗಂತೂ ಬಹಳ ಅಪಾಯ. ಕುದಿಸಿ ಆರಿಸಿದ ಉಪ್ಪುನೀರಿನಲ್ಲಿ ಮೂಗು ತೊಳೆಯುವ ಜಲನೇತಿ ಬೇರೆ ವಿಷಯ. ಅಲರ್ಜಿಯಿಂದ ಮೂಗು ಕಟ್ಟುವವರಿಗೆ ಅದು ಹಿತ. ಆದರೆ ಬಾಗಿಲು ಮುಚ್ಚುವುದು ಗಂಟಲಲ್ಲಿ. ಮೂಗು ತೊಳೆದರೆ ಅದು ತೆರೆಯುವುದಿಲ್ಲ. ಬಾಯಿಗೆ ಟೇಪು ಅಂಟಿಸುವುದು ಇತ್ತೀಚಿನ ಹುಚ್ಚು. ಮೂಗು ಕಟ್ಟಿದವನ ಬಾಯಿಯನ್ನೂ ಮುಚ್ಚಿದರೆ ಏನಾಗುತ್ತದೆ ಎಂದು ಊಹಿಸಲು ವೈದ್ಯಶಾಸ್ತ್ರ ಬೇಕಾಗಿಲ್ಲ. ಉಂಗುರದ ಬಗ್ಗೆ ಒಂದು ಸಾಲು ಬರೆಯುವುದೂ ದಂಡ.

ಜರಡಿಯಲ್ಲಿ ಉಳಿಯುವವು ನಾಲ್ಕು. ಮೊದಲನೆಯದು ಮಗ್ಗುಲಾಗಿ ಮಲಗುವುದು. ಅಂಗಾತ ಮಲಗಿದಾಗ ಮಾತ್ರ ಉಸಿರು ಕಟ್ಟುವವರಿಗೆ ಇದು ನಿಜಕ್ಕೂ ನೆರವಾಗುತ್ತದೆ. ಬನಿಯನ್ನಿನ ಬೆನ್ನಿಗೆ ಒಂದು ಜೇಬು ಹೊಲಿದು ಟೆನಿಸ್ ಚೆಂಡು ಇಡಿ, ಅಂಗಾತವಾದ ಕೂಡಲೇ ಅದು ಚುಚ್ಚಿ ಹೊರಳಿಸುತ್ತದೆ. ನಿಮ್ಮ ವರದಿಯಲ್ಲಿ ಅಂಗಾತ ಮತ್ತು ಮಗ್ಗುಲಿನ ಎಎಚ್‌ಐ ಬೇರೆ ಬೇರೆಯಾಗಿ ಬರೆದಿರುತ್ತದೆ, ಮೊದಲು ಅದನ್ನು ನೋಡಿ. ಎರಡನೆಯದು ತೂಕ. 2000ದಲ್ಲಿ ಪ್ರಕಟವಾದ ಅಮೆರಿಕದ ವಿಸ್ಕಾನ್ಸಿನ್‌ ಅಧ್ಯಯನದಲ್ಲಿ, ಶೇ 10ರಷ್ಟು ತೂಕ ಇಳಿದಾಗ ಎಎಚ್‌ಐ ಸುಮಾರು ಶೇ 26ರಷ್ಟು ಇಳಿಯುವುದು ಕಂಡಿತು.

ಮೂರನೆಯದು ಗಂಟಲಿನ ವ್ಯಾಯಾಮ. ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಹಿಂದಕ್ಕೆ ಜಾರಿಸುವುದು, ಇಡೀ ನಾಲಿಗೆಯನ್ನು ಮೇಲಕ್ಕೆ ಹೀರಿ ಹಿಡಿಯುವುದು, ಕಿರುನಾಲಿಗೆ ಮೇಲೇಳುವಂತೆ ‘ಆ’ ಎನ್ನುವುದು, ಬಲೂನು ಊದುವುದು. ಬ್ರೆಜಿಲ್‌ನಲ್ಲಿ ಮಧ್ಯಮ ಹಂತದ 31 ಮಂದಿಯ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ವ್ಯಾಯಾಮ ಮಾಡಿದವರ ಸರಾಸರಿ ಎಎಚ್‌ಐ ಮೂರು ತಿಂಗಳಲ್ಲಿ 22.4ರಿಂದ 13.7ಕ್ಕೆ ಇಳಿಯಿತು. ದಿನವೂ ಅರ್ಧ ಗಂಟೆ, ತಪ್ಪದೆ ಮಾಡಿದವರ ಲೆಕ್ಕ ಅದು.

ನಾಲ್ಕನೆಯದು, ನಂಬಿ, ಊದುವ ವಾದ್ಯ. ಆಸ್ಟ್ರೇಲಿಯಾದ ಮೂಲನಿವಾಸಿಗಳ ಉದ್ದ ಕೊಳಲು ಡಿಜೆರಿಡೂವನ್ನು ಸ್ವಿಟ್ಜರ್‌ಲೆಂಡ್‌ನ 25 ರೋಗಿಗಳ ಮೇಲೆ ಪ್ರಯೋಗಿಸಿ 2006ರಲ್ಲಿ ವರದಿ ಬಂತು. ನಾಲ್ಕು ತಿಂಗಳು ಊದಿದವರಲ್ಲಿ, ಊದದವರಿಗಿಂತ ಎಎಚ್‌ಐ ಗಂಟೆಗೆ ಸುಮಾರು 6 ಹೆಚ್ಚು ಇಳಿದಿತ್ತು. 2017ರಲ್ಲಿ ಆ ತಂಡಕ್ಕೆ, ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗಳಿಗೆ ಕೊಡುವ ಇಗ್ ನೊಬೆಲ್ ಪ್ರಶಸ್ತಿ, ಅದೂ ಶಾಂತಿ ವಿಭಾಗದಲ್ಲಿ, ಸಿಕ್ಕಿತು. ಪಕ್ಕದಲ್ಲಿ ಮಲಗುವವರ ಶಾಂತಿ ಇರಬೇಕು. 2025ರಲ್ಲಿ ಜೈಪುರದ ವೈದ್ಯರು ಶಂಖದ ಪ್ರಯೋಗ ಪ್ರಕಟಿಸಿದರು. ಮಧ್ಯಮ ಹಂತದ 30 ಮಂದಿಯಲ್ಲಿ 16 ಮಂದಿ ವಾರಕ್ಕೆ ಐದು ದಿನ, ಕನಿಷ್ಠ 15 ನಿಮಿಷ ಶಂಖ ಊದಿದರು. ಉಳಿದವರು ದೀರ್ಘ ಉಸಿರಾಟ ಮಾಡಿದರು. ಆರು ತಿಂಗಳ ನಂತರ ಶಂಖದವರಲ್ಲಿ ಹಗಲಿನ ತೂಕಡಿಕೆ ತಗ್ಗಿತ್ತು, ಎಎಚ್‌ಐ ಇನ್ನೊಂದು ಗುಂಪಿಗಿಂತ 4ರಿಂದ 5ರಷ್ಟು ಕಡಿಮೆಯಿತ್ತು. ಹಾಗೆಂದು ಶಂಖ ಜಾಗಟೆ ಹಿಡಿದು ಬರುತ್ತಿದ್ದ ನಮ್ಮೂರ ದಾಸಯ್ಯನವರು ಗೊರಕೆ ಹೊಡೆಯುತ್ತಿರಲಿಲ್ಲ ಎಂದು ಹೇಳಲಾರೆ, ಯಾರೂ ಪರೀಕ್ಷೆ ಮಾಡಿಸಿರಲಿಲ್ಲ.

ಈಗ ಕಾಗದ ತೆಗೆದು ಕಳೆಯುವ ಲೆಕ್ಕ ಮಾಡಿ. ನಿಮ್ಮ ಸಂಖ್ಯೆ 18 ಆಗಿದ್ದರೆ ಐದು ಕಳೆದು 13. ಮಧ್ಯಮದಿಂದ ಸೌಮ್ಯಕ್ಕೆ ಬಂದಿರಿ, ಊದಿದ್ದು ಸಾರ್ಥಕ. 52 ಆಗಿದ್ದರೆ 47. ಶಂಖ ಸುಳ್ಳಲ್ಲ, ನಿಮಗೆ ಸಾಲದು. ಈ ಪ್ರಯೋಗಗಳೆಲ್ಲ ಚಿಕ್ಕವು, ತೀವ್ರ ಹಂತದವರನ್ನು ಒಳಗೊಂಡಿಲ್ಲ ಎಂಬುದನ್ನು ಶಂಖದ ಮಹಿಮೆ ಸಾರುವ ವಾಟ್ಸ್‌ಆ್ಯಪ್ ಸಂದೇಶ ಹೇಳುವುದಿಲ್ಲ. ಗ್ಲಾಕೋಮಾ (ಕಣ್ಣಿನ ಒತ್ತಡದ ಕಾಯಿಲೆ), ಹರ್ನಿಯಾ, ಹತೋಟಿಗೆ ಬಾರದ ಬಿ.ಪಿ. ಇರುವವರು ವೈದ್ಯರನ್ನು ಕೇಳದೆ ಊದಬಾರದು.

ಹೆಜ್ಜೆ 4: ಮಾಸ್ಕಿನ ಜೊತೆ ಸಂಸಾರ ಕಲಿಯಿರಿ

ಮಾಸ್ಕಿಗೆ ಗಾಳಿ ಊದುವ ಸಿಪ್ಯಾಪ್ ಯಂತ್ರವನ್ನು ಸಿಡ್ನಿಯ ವೈದ್ಯ ಕಾಲಿನ್ ಸಲಿವನ್ 1980ರಲ್ಲಿ ಮೊದಲು ಬಳಸಿದಾಗ ಗಾಳಿ ಊದಿದ್ದು ಕಸ ಹೀರುವ ವ್ಯಾಕ್ಯೂಮ್ ಕ್ಲೀನರ್‌ನ ಮೋಟಾರು. ಇದು ಆಮ್ಲಜನಕದ ಯಂತ್ರವಲ್ಲ. ಕೋಣೆಯ ಗಾಳಿಯನ್ನೇ ಒತ್ತಡದಿಂದ ಕಳುಹಿಸಿ ಗಂಟಲು ಮುಚ್ಚದಂತೆ ಒಳಗಿನಿಂದ ಆನಿಸಿ ಹಿಡಿಯುತ್ತದೆ. ನನ್ನ 41 ಮೊದಲ ವಾರದಲ್ಲೇ 3ಕ್ಕೆ ಬಂತು. ಬೇರೆ ಯಾವ ಮದ್ದೂ ಹೀಗೆ ಇಳಿಸುವುದಿಲ್ಲ.

ಕಷ್ಟವಿರುವುದು ಕಟ್ಟಿಕೊಳ್ಳುವುದರಲ್ಲಿ. ಕೊಳ್ಳುವ ಮುನ್ನ ಒಂದು ತಿಂಗಳು ಬಾಡಿಗೆಗೆ ತನ್ನಿ. ಮಾಸ್ಕನ್ನು ಕುಳಿತು ಅಲ್ಲ, ಮಲಗಿ, ಯಂತ್ರ ಚಾಲೂ ಮಾಡಿ, ಮಗ್ಗುಲು ಬದಲಿಸಿ ನೋಡಿ ಆರಿಸಿ. ಮೀಸೆ ಗಡ್ಡ ಇದ್ದವರಿಗೆ ಮೂಗಿನ ಹೊಳ್ಳೆಗಷ್ಟೇ ಕೂರುವ ಬಗೆ ಸರಿಹೊಂದಬಹುದು. ಮೊದಲ ವಾರ ಸಂಜೆ ಟಿ.ವಿ. ನೋಡುವಾಗ ಅರ್ಧ ಗಂಟೆ ಕಟ್ಟಿಕೊಂಡು ಅಭ್ಯಾಸ ಮಾಡಿ. ಒತ್ತಡ ಮೆಲ್ಲಗೆ ಏರುವ ರ‍್ಯಾಂಪ್ ಸೌಲಭ್ಯ ಬಳಸಿ. ಗಂಟಲು ಒಣಗಿದರೆ ಗಾಳಿಗೆ ತೇವ ಕೊಡುವ ಹ್ಯುಮಿಡಿಫೈಯರ್, ಅದಕ್ಕೆ ಡಿಸ್ಟಿಲ್ಡ್ ನೀರು. ಚರ್ಮಕ್ಕೆ ತಾಗುವ ಭಾಗವನ್ನು ದಿನವೂ ಸೌಮ್ಯ ಸೋಪಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಕರೆಂಟು ಹೋಗುವ ಊರಾದರೆ ಯಂತ್ರಕ್ಕೆ ಇನ್ವರ್ಟರ್ ಸಂಪರ್ಕ ಕೊಡಿ.

ಹಳೆಯ ಯಂತ್ರ ಅಗ್ಗಕ್ಕೆ ಸಿಕ್ಕಿತೆಂದು ತರುವ ಮುನ್ನ ಅದರ ಮಾದರಿ ಸಂಖ್ಯೆ ಪರಿಶೀಲಿಸಿ. ಒಳಗಿನ ಫೋಮ್ ಪುಡಿಯಾಗಬಹುದೆಂದು ಫಿಲಿಪ್ಸ್ ಕಂಪನಿ 2021ರ ಜೂನ್‌ನಲ್ಲಿ ಲಕ್ಷಾಂತರ ಯಂತ್ರಗಳನ್ನು ಹಿಂದಕ್ಕೆ ಕರೆಸಿಕೊಂಡಿತ್ತು.

ಯಂತ್ರ ದಿನವೂ ಮೂರು ಅಂಕಿ ಬರೆದಿಡುತ್ತದೆ: ಎಷ್ಟು ಗಂಟೆ ಬಳಸಿದಿರಿ, ಗಾಳಿ ಎಷ್ಟು ಸೋರಿತು, ಉಳಿದ ಎಎಚ್‌ಐ ಎಷ್ಟು. ವೈದ್ಯರು ಕೇಳುವ ನಾಲ್ಕು ಗಂಟೆ ಕನಿಷ್ಠ ಮಿತಿ, ಗುರಿಯಲ್ಲ. ಯಂತ್ರದ ಪರ ವಾದಿಸುವವರು ಮುಚ್ಚಿಡುವ ಮಾತೊಂದಿದೆ: ಭಾರತದ ರೋಗಿಗಳೂ ಇದ್ದ, 2016ರಲ್ಲಿ ಪ್ರಕಟವಾದ ‘ಸೇವ್’ ಎಂಬ ದೊಡ್ಡ ಪ್ರಯೋಗದಲ್ಲಿ, ಆಗಲೇ ಹೃದಯ ಅಥವಾ ಮೆದುಳಿನ ರಕ್ತನಾಳದ ಕಾಯಿಲೆ ಇದ್ದವರಿಗೆ ಸಿಪ್ಯಾಪ್‌ನಿಂದ ಹೃದಯಾಘಾತ, ಪಾರ್ಶ್ವವಾಯು ಕಡಿಮೆಯಾಗಲಿಲ್ಲ. ಅವರು ಬಳಸಿದ್ದು ಸರಾಸರಿ 3.3 ಗಂಟೆ ಮಾತ್ರ. ಹಗಲಿನ ತೂಕಡಿಕೆ, ಮನಸ್ಸಿನ ಸ್ಥಿತಿ ಅಷ್ಟಕ್ಕೇ ಸುಧಾರಿಸಿತ್ತು. ಗಾಡಿ ಓಡಿಸುವವರಿಗೆ ಅದೇನು ಸಣ್ಣ ಲಾಭವಲ್ಲ.

ಹೆಜ್ಜೆ 5: ಮಾಸ್ಕ್ ಆಗುವುದೇ ಇಲ್ಲ ಎಂದಾದರೆ

ಸೌಮ್ಯ, ಮಧ್ಯಮ ಹಂತದವರಿಗೆ ಕೆಳದವಡೆಯನ್ನು ಮುಂದಕ್ಕೆ ಎಳೆದು ಹಿಡಿಯುವ ಸಾಧನವನ್ನು ದಂತವೈದ್ಯರು ಅಚ್ಚು ತೆಗೆದು ಮಾಡಿಕೊಡುತ್ತಾರೆ. ಟಾನ್ಸಿಲ್ ಅಥವಾ ಮೂಗಿನ ಹಿಂಬದಿಯ ಅಡಿನಾಯ್ಡ್ ಊದಿದ ಮಕ್ಕಳಿಗೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯೇ ಮೊದಲ ದಾರಿ. ದೊಡ್ಡವರಲ್ಲಿ ಅದರ ಫಲ ಅಷ್ಟು ಖಚಿತವಲ್ಲ. ಬೊಜ್ಜಿನ ಜೊತೆ ಮಧ್ಯಮ ಅಥವಾ ತೀವ್ರ ಕಾಯಿಲೆ ಇರುವವರಿಗಾಗಿ ಟಿರ್ಜೆಪಟೈಡ್ ಚುಚ್ಚುಮದ್ದಿಗೆ ಅಮೆರಿಕ 2024ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿದೆ. ಮಧುಮೇಹ, ತೂಕದ ಔಷಧಿಯಾಗಿ ಅದು 2025ರಿಂದ ನಮ್ಮಲ್ಲೂ ಸಿಗುತ್ತಿದೆ. ವೈದ್ಯರ ಚೀಟಿಯಿಲ್ಲದೆ ಅದರ ಹತ್ತಿರ ಹೋಗಬೇಡಿ.

ಹೆಜ್ಜೆ 6: ಮತ್ತೆ ಎಣಿಸಿ

ಚೆಂಡೋ ಶಂಖವೋ ತೂಕವೋ, ಏನೇ ಮಾಡಿದ್ದರೂ ಮೂರರಿಂದ ಆರು ತಿಂಗಳಿಗೆ ಮರುಪರೀಕ್ಷೆ ಮಾಡಿಸಿ. ‘ಗೊರಕೆ ನಿಂತಿದೆ’ ಎಂಬ ಮನೆಯವರ ಮಾತಿನ ಮೇಲೆ ಯಂತ್ರವನ್ನು ಅಟ್ಟಕ್ಕೆ ಹಾಕಬೇಡಿ. ಬೇರೆ ಯಾವುದೇ ಶಸ್ತ್ರಚಿಕಿತ್ಸೆಗೆ ಹೋಗುವಾಗ ಅರಿವಳಿಕೆ ವೈದ್ಯರಿಗೆ ಈ ಕಾಯಿಲೆಯ ವಿಷಯ ತಿಳಿಸಿ, ಯಂತ್ರವನ್ನು ಜೊತೆಗೆ ಒಯ್ಯಿರಿ.

ಒಂಬತ್ತು ಕಿಲೋ ಇಳಿದ ಮೇಲೆ ನನ್ನ ಸಂಖ್ಯೆ ಯಂತ್ರವಿಲ್ಲದೆ 22. ಮಾಸ್ಕ್ ಬಿಡಲು ವೈದ್ಯರು ಒಪ್ಪಿಲ್ಲ. ಬೆಳಿಗ್ಗೆ ಶಂಖ ಊದಲು ಅವರ ಅಡ್ಡಿಯಿಲ್ಲ, ಮೇಲಿನ ಮನೆಯವರದ್ದಿದೆ.