ಗಿನಿಪಿಗ್ ಸರಿಯಾಗಿ ತಿನ್ನುತ್ತಿದೆಯಾ? ಹಿಕ್ಕೆ ನೋಡಿ
ಗಿನಿಪಿಗ್ ಹೊಟ್ಟೆ ಕೆಟ್ಟರೂ ಸುಮ್ನೆ ಮೂಲೆ ಹಿಡಿದು ಕೂತಿರುತ್ತದೆ. ಹಾಗಾಗಿ ದಿನಾ ಗೂಡು ಗುಡಿಸುವಾಗ ಹಿಕ್ಕೆ ನೋಡಿ. ಕಂದು ಬಣ್ಣ, ಉದ್ದನೆ ಕಾಳಿನ ಆಕಾರ, ಎಲ್ಲ ಹೆಚ್ಚುಕಡಿಮೆ ಒಂದೇ ಗಾತ್ರ ಇದ್ದರೆ ಚಿಂತೆಯಿಲ್ಲ. ಚಿಕ್ಕದಾಗಿ ಒಣಗಿ, ಸಂಖ್ಯೆಯೂ ಇಳಿದಿದ್ದರೆ ಸಾಮಾನ್ಯವಾಗಿ ಒಣಹುಲ್ಲು ತಿನ್ನುವುದು ಕಡಿಮೆಯಾಗಿದೆ ಅಂತಲೇ ಅರ್ಥ. ಮೆತ್ತನೆ ಹಿಕ್ಕೆಯನ್ನು ಅದೇ ತಿಂದುಕೊಂಡರೆ ಗಾಬರಿ ಬೇಡ, ಅದು ಮಾಮೂಲಿ. ಸೊಪ್ಪು ಕಂಡ ಕೂಡಲೇ ಓಡಿಬಂದು, ಬಾಯಿಗೆ ಹಾಕಿಕೊಂಡು ಮತ್ತೆ ಬೀಳಿಸುತ್ತಿದ್ದರೆ, ಗದ್ದ ಒದ್ದೆಯಾಗಿದ್ದರೆ, ಹಸಿವೇನೋ ಇದೆ, ತೊಂದರೆ ಹಲ್ಲಿನದಿರಬಹುದು. ವಾರಕ್ಕೊಮ್ಮೆ ಅಡುಗೆಮನೆ ತಕ್ಕಡಿಯಲ್ಲಿ ತೂಕ ಮಾಡಿ ಬರೆದಿಡಿ. ಕಣ್ಣಳತೆ ನಂಬಬೇಡಿ, ಅಷ್ಟೊಂದು ಕೂದಲಿರುತ್ತೆ ಅಲ್ವಾ! 12 ಗಂಟೆ ಏನೂ ತಿನ್ನದಿದ್ದರೆ ಅಥವಾ ಹೊಟ್ಟೆ ಉಬ್ಬಿ ಗಟ್ಟಿಯಾಗಿದ್ದರೆ ನಾಳೆ ನೋಡೋಣ ಅನ್ನಬೇಡಿ, ಕೂಡಲೇ ಪಶುವೈದ್ಯರಿಗೆ ತೋರಿಸಿ.